ಧೀರ ಪತ್ರಕರ್ತೆ ಮತಿಲ್ಡೆ ಅನ್ನೆಕೆ

ಪತ್ರಿಕೆಯೊಂದನ್ನು ಕಟ್ಟಿ ನಿಲ್ಲಿಸುವುದಕ್ಕೆ ವರ್ಷಗಳ ದುಡಿಮೆ ಬೇಕು. ಅದನ್ನು ಮುಚ್ಚಿಸುವುದಕ್ಕೆ ಅಧಿಕಾರದಲ್ಲಿರುವವರ ಒಂದು ಸಹಿ ಸಾಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ದೊಣ್ಣೆಯ ಪೆಟ್ಟು ಬಿದ್ದ ಮರುದಿನವೇ ಮತ್ತೆ ತಿಗರಿಯ ಮುಂದೆ ಕುಳಿತ ಕುಂಬಾರರೂ ಲೋಕದಲ್ಲಿ ಇದ್ದಾರೆ. ಜರ್ಮನಿಯ ಮತಿಲ್ಡೆ ಫ್ರಾನ್ಸಿಸ್ಕಾ ಅನ್ನೆಕೆ ಅಂಥವರಲ್ಲಿ ಒಬ್ಬಳು. ರಾಜಪ್ರಭುತ್ವ ಆಕೆಯ ಪತ್ರಿಕೆಯನ್ನು ನಿಲ್ಲಿಸಿತು. ಆಕೆ ಇನ್ನೊಂದನ್ನು ಹೊರಡಿಸಿದಳು. ಅದೂ ನಿಂತಿತು. ಕೊನೆಗೆ ತಾಯ್ನಾಡನ್ನೇ ಬಿಡಬೇಕಾಯಿತು. ಸಾಗರದಾಚೆಯ ಪರದೇಶದಲ್ಲಿ ಆಕೆ ಮೂರನೆಯ ಪತ್ರಿಕೆಯನ್ನು ಪ್ರಾರಂಭಿಸಿದಳು. ಸ್ತ್ರೀಯರಿಗೂ ಪುರುಷರಷ್ಟೇ ಹಕ್ಕುಗಳಿವೆ ಎಂಬುದು ಈ ಎಲ್ಲ ಬರಹದ ತಿರುಳಾಗಿತ್ತು. ಆ ನಂಬಿಕೆಗಾಗಿ ಆಕೆ ತೆತ್ತ ಬೆಲೆ ಸಣ್ಣದಲ್ಲ.

ಮತಿಲ್ಡೆ 1817ನೆಯ ಇಸವಿ ಏಪ್ರಿಲ್ 3ರಂದು ವೆಸ್ಟ್‌ಫಾಲಿಯ ಪ್ರಾಂತದಲ್ಲಿ, ರೂರ್ ನದಿಯ ಸೀಮೆಯಲ್ಲಿ ಜನಿಸಿದಳು. ಆಗ ಜರ್ಮನಿ ಎಂಬ ಒಂದೇ ರಾಷ್ಟ್ರ ಇರಲಿಲ್ಲ. ಮೂವತ್ತಕ್ಕೂ ಹೆಚ್ಚು ರಾಜ್ಯಗಳಾಗಿ ಆ ನಾಡು ಹರಿದು ಹಂಚಿಹೋಗಿತ್ತು. ಅವುಗಳಲ್ಲಿ ಬಲಿಷ್ಠವಾದವುಗಳಲ್ಲಿ ಒಂದು ಪ್ರಷ್ಯ; ವೆಸ್ಟ್‌ಫಾಲಿಯ ಪ್ರಷ್ಯದ ಅರಸನ ಆಳ್ವಿಕೆಗೆ ಸೇರಿತ್ತು. ತಂದೆ ಕಾರ್ಲ್ ಗೀಸ್ಲರ್ ಭೂಮಿಕಾಣಿಗಳಿದ್ದ ಅನುಕೂಲಸ್ಥ ಗೃಹಸ್ಥ. ಹನ್ನೆರಡು ಮಕ್ಕಳ ಆ ದೊಡ್ಡ ಸಂಸಾರಕ್ಕೆ ಮತಿಲ್ಡೆಯೇ ಹಿರಿಯ ಮಗಳು. ಕ್ಯಾಥೊಲಿಕ್ ಸಂಪ್ರದಾಯದ ಶ್ರದ್ಧೆ, ಪುಸ್ತಕಗಳ ಒಲವು, ಕುದುರೆ ಸವಾರಿಯ ಉತ್ಸಾಹ ಇವುಗಳ ನಡುವೆ ಆಕೆಯ ಬಾಲ್ಯ ಸುಖವಾಗಿ ಸಾಗಿತು.

ಆದರೆ ಸಿರಿ ಬಹುಕಾಲ ನಿಲ್ಲಲಿಲ್ಲ. ತಂದೆ ಸಾಲದ ಸುಳಿಯಲ್ಲಿ ಸಿಲುಕಿದ. ಆ ವೇಳೆಗೆ ಆಲ್ಫ್ರೆಡ್ ಫಾನ್ ಟಬೂಯೊ ಎಂಬ ಶ್ರೀಮಂತ ದ್ರಾಕ್ಷಾರಸದ ವ್ಯಾಪಾರಿ ಮತಿಲ್ಡೆಯ ಕೈಹಿಡಿಯಲು ಮುಂದೆ ಬಂದ. ಈ ಸಂಬಂಧದಿಂದ ತವರಿನ ಸಾಲದ ಹೊರೆ ಇಳಿಯುವಂತಿತ್ತು. 1836ರಲ್ಲಿ ಮದುವೆ ನಡೆಯಿತು. ವಧುವಿಗೆ ಆಗ ಹತ್ತೊಂಬತ್ತು ವರ್ಷ. ತವರಿನ ಕಷ್ಟ ತೀರಿಸಲು ಆದ ಮದುವೆ ಮಗಳಿಗೆ ಹೊಸ ಕಷ್ಟವನ್ನು ತಂದಿತು. ಗಂಡ ಕುಡುಕನಾಗಿದ್ದ, ಕುಡಿದಾಗ ಹೊಡೆಯುತ್ತಿದ್ದ. ಒಂದು ವರ್ಷ ಕಳೆಯುವಷ್ಟರಲ್ಲಿ ಆ ಮನೆ ಮತಿಲ್ಡೆಗೆ ಸೆರೆಮನೆಯಾಯಿತು. 1837ರಲ್ಲಿ ಹುಟ್ಟಿದ ಹಸುಗೂಸನ್ನು ಎದೆಗವಚಿಕೊಂಡು ಆಕೆ ಗಂಡನ ಮನೆಯಿಂದ ಹೊರಬಂದಳು.

ಹೊರಬರುವುದು ಸುಲಭವಾಗಿರಲಿಲ್ಲ, ಹೊರಬಂದ ಮೇಲೆ ಬದುಕುವುದು ಇನ್ನೂ ಕಠಿಣವಾಗಿತ್ತು. ವಿಚ್ಛೇದನಕ್ಕಾಗಿ ಹೂಡಿದ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಗಂಡನ ಕ್ರೌರ್ಯಕ್ಕಿಂತ ಹೆಂಡತಿ ಮನೆ ಬಿಟ್ಟುಬಂದದ್ದೇ ನ್ಯಾಯಾಧೀಶರ ಕಣ್ಣಿಗೆ ದೊಡ್ಡ ಅಪರಾಧವಾಗಿ ಕಂಡಿತು. 1843ರಲ್ಲಿ ವ್ಯಾಜ್ಯ ಕೊನೆಗಂಡಾಗ ಬಿಡುಗಡೆಯೇನೋ ದೊರೆಯಿತು. ಆದರೆ ತಪ್ಪಿತಸ್ಥಳೆಂಬ ಹಣೆಪಟ್ಟಿ ಆಕೆಗೇ ಅಂಟಿತು. ಜೀವನಾಂಶದ ಆಸೆಯೂ ಕೈಬಿಟ್ಟಿತು. ಅನ್ಯಾಯ ಮಾಡಿದವನು ನೆಮ್ಮದಿಯಿಂದಿರುವಾಗ ಅನ್ಯಾಯಕ್ಕೆ ಗುರಿಯಾದವಳು ತಲೆತಗ್ಗಿಸಿ ಬಾಳಬೇಕೆನ್ನುವ ಕಾನೂನು ಎಂಥದು ಎಂಬ ಪ್ರಶ್ನೆ ಆಕೆಯ ಮನಸ್ಸಿನಲ್ಲಿ ಮೂಡಿತು. ಮುಂದೆ ಆಕೆ ಬರೆದ ಬರಹಗಳಿಗೂ ಮಾಡಿದ ಭಾಷಣಗಳಿಗೂ ಈ ಪ್ರಶ್ನೆಯೇ ಬೀಜವಾಯಿತು ಎನ್ನಬಹುದು.

ಮಗಳೊಡನೆ ಮ್ಯೂನ್‌ಸ್ಟರ್ ನಗರದಲ್ಲಿ ನೆಲಸಿದ ಮತಿಲ್ಡೆಗೆ ಲೇಖನಿಯೇ ಜೀವನೋಪಾಯವಾಯಿತು. ಮೊದಮೊದಲು ಆಕೆ ಭಕ್ತಿಪರವಾದ ಪುಸ್ತಕಗಳನ್ನು ಬರೆದಳು. ಮಹಿಳೆಯರಿಗಾಗಿ ಕವನ ಮತ್ತು ಕಥೆಗಳ ವಾರ್ಷಿಕ ಸಂಕಲನವನ್ನು ಹೊರತಂದಳು. ಆಕೆಯ ನಾಟಕವೊಂದು ರಂಗಭೂಮಿಯನ್ನೂ ಏರಿತು. ಪ್ರಾರ್ಥನೆಯ ಪುಸ್ತಕ ಬರೆದ ಆ ಕೈಯೇ ಕ್ರಮೇಣ ಸಮಾಜದ ಕಟ್ಟಳೆಗಳನ್ನು ಪ್ರಶ್ನಿಸತೊಡಗಿತು. 1846ರಲ್ಲಿ ಲೂಯಿಸ್ ಆಸ್ಟನ್ ಎಂಬ ಲೇಖಕಿಯನ್ನು ಅಧಿಕಾರಿಗಳು ಬರ್ಲಿನ್ ನಗರದಿಂದ ಹೊರಹಾಕಿದರು. ಆಕೆಯ ಧಾರ್ಮಿಕ ವಿಚಾರಗಳೂ ನಡೆನುಡಿಗಳೂ ಹೆಣ್ಣಿಗೆ ತಕ್ಕುದಲ್ಲವೆಂಬುದು ಅವರ ಆಕ್ಷೇಪಣೆಯಾಗಿತ್ತು. ಅಪರಿಚಿತಳಾದ ಆ ಲೇಖಕಿಯ ಪರವಾಗಿ ಮತಿಲ್ಡೆ 1847ರಲ್ಲಿ ಒಂದು ದೀರ್ಘ ಪ್ರಬಂಧವನ್ನು ಬರೆದಳು. ಸಮಾಜದ ಕಟ್ಟುಪಾಡುಗಳೊಡನೆ ಸ್ತ್ರೀಯ ಸಂಘರ್ಷವೇ ಅದರ ವಸ್ತು. ಪುರುಷನು ಆಡಿದರೆ ಅಭಿಪ್ರಾಯವೆನಿಸುವ ಮಾತು ಸ್ತ್ರೀಯು ಆಡಿದರೆ ಅಪರಾಧವೇಕಾಗಬೇಕು ಎಂದು ಅಲ್ಲಿ ಆಕೆ ನಿರ್ಭೀತಿಯಿಂದ ಕೇಳಿದಳು. ತನ್ನದೇ ನೋವಿನಿಂದ ಹುಟ್ಟಿದ ಪ್ರಶ್ನೆ ಈಗ ಎಲ್ಲ ಹೆಂಗಸರ ಪರವಾದ ಪ್ರಶ್ನೆಯಾಯಿತು.

ಅದೇ ವರ್ಷ ಮತಿಲ್ಡೆ ಫ್ರಿಟ್ಸ್ ಅನ್ನೆಕೆಯನ್ನು ವಿವಾಹವಾದಳು. ಆತ ಪ್ರಷ್ಯದ ಫಿರಂಗಿದಳದಲ್ಲಿ ಅಧಿಕಾರಿಯಾಗಿದ್ದವನು; ಪ್ರಜಾಪ್ರಭುತ್ವದ ವಿಚಾರಗಳನ್ನು ಹೊಂದಿದ್ದ ಕಾರಣಕ್ಕೆ ಸೇನೆಯ ಹುದ್ದೆಯನ್ನು ಕಳೆದುಕೊಂಡಿದ್ದವನು. ದಂಪತಿಗಳು ರೈನ್ ನದಿಯ ದಂಡೆಯಲ್ಲಿರುವ ಕೊಲೋನ್ ನಗರದಲ್ಲಿ ಮನೆ ಮಾಡಿದರು. ಸಮಾನ ಮನಸ್ಕರಾದ ಗೆಳೆಯರು ಅಲ್ಲಿ ಕೂಡಿ ದೇಶದ ಸ್ಥಿತಿಗತಿಗಳನ್ನು ಕುರಿತು ಚರ್ಚಿಸುತ್ತಿದ್ದರು.

ಅಂದಿನ ದೇಶದ ಸ್ಥಿತಿ ಹೇಗಿತ್ತು? 1819ರಲ್ಲಿ ಜರ್ಮನ್ ರಾಜ್ಯಗಳ ಮಂತ್ರಿಗಳು ಕಾರ್ಲ್ಸ್‌ಬಾಡ್ ಎಂಬಲ್ಲಿ ಕೂಡಿ ಕಠಿಣವಾದ ಕಟ್ಟಳೆಗಳನ್ನು ವಿಧಿಸಿದ್ದರು. ಪತ್ರಿಕೆಗಳೂ 320 ಪುಟಗಳಿಗಿಂತ ಚಿಕ್ಕದಾದ ಪುಸ್ತಕಗಳೂ ಸರ್ಕಾರಿ ಪರಿಶೀಲಕರ ಒಪ್ಪಿಗೆಯಿಲ್ಲದೆ ಅಚ್ಚಾಗುವಂತಿರಲಿಲ್ಲ. ಚಿಕ್ಕ ಪುಸ್ತಕವೇ ಬಡವರ ಕೈಗೆ ಎಟಕುವಂಥದು. ಆದ್ದರಿಂದ ಪ್ರಭುಗಳಿಗೆ ಅದರ ಬಗೆಗೇ ಹೆಚ್ಚಿನ ಭಯವಿತ್ತು. ಸುಮಾರು ಮೂವತ್ತು ವರ್ಷಗಳ ಕಾಲ ಜನರ ಬಾಯಿಗೆ ಹೀಗೆ ಬೀಗ ಬಿದ್ದಿತ್ತು. 1848ರ ಮಾರ್ಚ್ ತಿಂಗಳಲ್ಲಿ ಕ್ರಾಂತಿ ಭುಗಿಲೆದ್ದಿತು. ಬರ್ಲಿನ್ನಿನ ಬೀದಿಗಳಲ್ಲಿ ಜನರು ಸೈನಿಕರನ್ನು ಎದುರಿಸಿ ನಿಂತರು. ಅರಸ ನಾಲ್ಕನೆಯ ಫ್ರೆಡ್ರಿಕ್ ವಿಲ್ಹೆಲ್ಮ್ ಮಣಿದು ಪತ್ರಿಕೆಗಳ ಮೇಲಿನ ನಿರ್ಬಂಧವನ್ನು ತೆಗೆದುಹಾಕಿದ. ರಾಜ್ಯಾಂಗವನ್ನು ಕೊಡುವುದಾಗಿಯೂ ಒಪ್ಪಿಕೊಂಡ. ಆದರೆ ಅರಸನ ಮಾತು ಎಷ್ಟು ದಿನ ಉಳಿದೀತೆಂಬ ಸಂದೇಹ ಕೊಲೋನ್ ನಗರದ ಪ್ರಜಾಪ್ರಭುತ್ವವಾದಿಗಳಿಗೆ ಇದ್ದೇ ಇತ್ತು. ಅವರು ಅಲ್ಲಿ ಕಾರ್ಮಿಕರ ಸಂಘವೊಂದನ್ನು ಕಟ್ಟಿದರು. ಫ್ರಿಟ್ಸ್ ಅದರ ಸ್ಥಾಪಕರಲ್ಲಿ ಒಬ್ಬ.

ಆ ಸಂದೇಹ ಬೇಗನೆ ನಿಜವಾಯಿತು. 1848ರ ಜುಲೈ 3ರಂದು ನಸುಕಿನಲ್ಲಿ ಶಸ್ತ್ರಧಾರಿಗಳಾದ ಪೊಲೀಸರು ಅನ್ನೆಕೆಯವರ ಮನೆಗೆ ನುಗ್ಗಿ ಫ್ರಿಟ್ಸನನ್ನು ಬಂಧಿಸಿ ಕೊಂಡೊಯ್ದರು. ಮತಿಲ್ಡೆ ಆಗ ತುಂಬು ಗರ್ಭಿಣಿ. ಅದೇ ತಿಂಗಳು ಆಕೆ ಗಂಡುಮಗುವಿನ ತಾಯಿಯಾದಳು. ಗಂಡ ಸೆರೆಮನೆಯಲ್ಲಿ, ತೊಡೆಯ ಮೇಲೆ ಎಳೆಗೂಸು, ಪಕ್ಕದಲ್ಲಿ ಮಗಳು, ಕೈಯಲ್ಲಿ ಹಣವಿಲ್ಲ. ಇಂಥ ಸ್ಥಿತಿಯಲ್ಲಿ ಸಾಮಾನ್ಯರಾದವರು ಬಂಧುಗಳ ಆಶ್ರಯವನ್ನು ಹುಡುಕುತ್ತಿದ್ದರು. ಮತಿಲ್ಡೆ ಮುದ್ರಣಯಂತ್ರವನ್ನು ತರಿಸಿ ಮನೆಯಲ್ಲಿಯೇ ಹೂಡಿದಳು. ಫ್ರಿಟ್ಸ್ ಮತ್ತು ಅವನ ಗೆಳೆಯರು ಯೋಜಿಸಿದ್ದ ಪತ್ರಿಕೆ ಸೆಪ್ಟೆಂಬರ್ 10ರಂದು ಆಕೆಯ ಸಾಹಸದಿಂದ ಹೊರಬಂದಿತು. 'ಹೊಸ ಕೊಲೋನ್ ಪತ್ರಿಕೆ' ಎಂಬುದು ಅದರ ಹೆಸರಿನ ಅರ್ಥ. ನಾಗರಿಕರು, ರೈತರು ಮತ್ತು ಸೈನಿಕರು ಇವರಿಗಾಗಿ ಮೀಸಲಾದ ಪತ್ರಿಕೆಯೆಂದು ಅದು ಸಾರಿಕೊಂಡಿತು. ವಿದ್ವಾಂಸರ ಭಾಷೆಯನ್ನು ಬಿಟ್ಟು ಸಾಮಾನ್ಯರಿಗೆ ತಿಳಿಯುವ ನುಡಿಯಲ್ಲಿ ದೇಶದ ಸುದ್ದಿಯನ್ನು ಹೇಳುವುದು ಅದರ ಗುರಿಯಾಗಿತ್ತು.

ಪತ್ರಿಕೆಗೆ ಮೂರು ವಾರವೂ ತುಂಬಲಿಲ್ಲ. ನಗರದಲ್ಲಿ ಗಲಭೆಯಾಯಿತೆಂಬ ಕಾರಣಕ್ಕೆ ಸೆಪ್ಟೆಂಬರ್ 26ರಂದು ಸೇನಾಡಳಿತ ಜಾರಿಗೆ ಬಂದಿತು. ಪ್ರಜಾಪ್ರಭುತ್ವವಾದಿಗಳ ಪತ್ರಿಕೆಗಳನ್ನೆಲ್ಲ ನಿಲ್ಲಿಸುವಂತೆ ಆಜ್ಞೆಯಾಯಿತು. ಕಾರ್ಲ್ ಮಾರ್ಕ್ಸ್ ಅದೇ ಊರಿನಲ್ಲಿ ನಡೆಸುತ್ತಿದ್ದ ಪತ್ರಿಕೆಯೂ ಆಗ ನಿಂತಿತು. ಮತಿಲ್ಡೆ ಕೈಕಟ್ಟಿ ಕೂರಲಿಲ್ಲ. ಮರುದಿನವೇ ಆಕೆಯ ಮನೆಯಿಂದ 'ಮಹಿಳಾ ಪತ್ರಿಕೆ' ಎಂಬ ಹೆಸರಿನ ಹೊಸ ಪತ್ರಿಕೆ ಹೊರಟಿತು. ಹೆಂಗಸರ ಪತ್ರಿಕೆ ಎಂದರೆ ಅಡುಗೆ, ಹೊಲಿಗೆ, ಉಡುಗೆತೊಡುಗೆಗಳ ವಿಚಾರವೇ ಇರಬೇಕೆಂದು ಅಧಿಕಾರಿಗಳು ಅಲಕ್ಷಿಸಿಯಾರೆಂಬ ಜಾಣ್ಮೆ ಆ ಹೆಸರಿನ ಹಿಂದೆ ಇತ್ತು. ಒಳಗಿದ್ದದ್ದು ಮಾತ್ರ ಅದೇ ರಾಜಕೀಯ ಸುದ್ದಿ, ಅದೇ ಸ್ವಾತಂತ್ರ್ಯದ ಮಾತು. ಆದರೆ ಆ ಹೆಸರು ಕೇವಲ ಉಪಾಯವೂ ಆಗಿರಲಿಲ್ಲ. ದೇಶದ ಆಗುಹೋಗುಗಳು ಹೆಂಗಸರ ಆಗುಹೋಗುಗಳೂ ಹೌದೆಂಬ ಆಕೆಯ ನಿಲುವನ್ನು ಅದು ಸಾರುತ್ತಿತ್ತು. ಎರಡು ಸಂಚಿಕೆಗಳು ಬಂದ ಮೇಲೆ ಅಧಿಕಾರಿಗಳು ಎಚ್ಚೆತ್ತರು. ಮೂರನೆಯ ಸಂಚಿಕೆ ಓದುಗರ ಕೈ ಸೇರಲಿಲ್ಲ. ಸೇನಾಡಳಿತ ತೆರವಾದ ಬಳಿಕ ಆಕೆ ಮತ್ತೆ ಮೊದಲಿನ ಪತ್ರಿಕೆಯನ್ನೇ ಮುಂದುವರಿಸಿದಳು. ವಿಚಾರಣೆಯಲ್ಲಿ ನಿರ್ದೋಷಿಯೆಂದು ತೀರ್ಮಾನವಾಗಿ ಫ್ರಿಟ್ಸ್ ಡಿಸೆಂಬರ್ ತಿಂಗಳಲ್ಲಿ ಬಿಡುಗಡೆ ಹೊಂದಿದ.

1849ರ ವಸಂತದಲ್ಲಿ ಕ್ರಾಂತಿಯ ಕೊನೆಯ ಅಂಕ ಪ್ರಾರಂಭವಾಯಿತು. ಜನಪ್ರತಿನಿಧಿಗಳು ರಚಿಸಿದ ರಾಜ್ಯಾಂಗವನ್ನೂ ಅವರು ನೀಡಬಂದ ಕಿರೀಟವನ್ನೂ ಪ್ರಷ್ಯದ ಅರಸ ನಿರಾಕರಿಸಿದ. ಆ ರಾಜ್ಯಾಂಗವನ್ನು ಉಳಿಸಿಕೊಳ್ಳಲು ನೈಋತ್ಯ ಭಾಗದ ಪಾಲಟಿನೇಟ್ ಮತ್ತು ಬಾಡೆನ್ ಸೀಮೆಗಳ ಜನರು ದಂಗೆಯೆದ್ದರು. ಫ್ರಿಟ್ಸ್ ಅಲ್ಲಿಗೆ ಧಾವಿಸಿ ಕ್ರಾಂತಿಕಾರರ ಫಿರಂಗಿದಳದ ನಾಯಕನಾದ. ಮತಿಲ್ಡೆಯೂ ಅವನನ್ನು ಹಿಂಬಾಲಿಸಿದಳು. ಬಾಲ್ಯದಲ್ಲಿ ಕಲಿತ ಕುದುರೆ ಸವಾರಿ ಈಗ ಉಪಯೋಗಕ್ಕೆ ಬಂದಿತು. ಆಯುಧ ಹಿಡಿಯದೆ, ಕುದುರೆಯ ಮೇಲೆ ಕುಳಿತು, ಆಜ್ಞೆಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಮುಟ್ಟಿಸುವ ಕೆಲಸವನ್ನು ಆಕೆ ರಣರಂಗದಲ್ಲಿ ನಿರ್ವಹಿಸಿದಳು. ಪ್ರಷ್ಯದ ಸುಶಿಕ್ಷಿತ ಸೇನೆಯ ಮುಂದೆ ಜನರ ಪಡೆ ಹೆಚ್ಚು ದಿನ ನಿಲ್ಲಲಿಲ್ಲ. ಜುಲೈ 23ರಂದು ರಾಷ್ಟಾಟ್ ಕೋಟೆ ಶರಣಾಯಿತು. ಸೆರೆಸಿಕ್ಕವರಲ್ಲಿ ಹಲವರು ಗುಂಡಿಗೆ ಬಲಿಯಾದರು. ಅಷ್ಟರೊಳಗೆ ಅನ್ನೆಕೆ ದಂಪತಿಗಳು ಗಡಿ ದಾಟಿದ್ದರು. ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್‌ಗಳಲ್ಲಿ ಕೆಲಕಾಲ ಅಲೆದು, ಆ ವರ್ಷದ ಕೊನೆಯ ಭಾಗದಲ್ಲಿ ಅವರು ಮಕ್ಕಳೊಡನೆ ಅಮೆರಿಕಕ್ಕೆ ಹಡಗು ಹತ್ತಿದರು. ಅವರಂತೆಯೇ ಊರುಬಿಟ್ಟ ಸಾವಿರಾರು ಜರ್ಮನರಿಗೆ ಅಮೆರಿಕದಲ್ಲಿ ನಲವತ್ತೆಂಟರವರು ಎಂಬ ಹೆಸರು ಬಂದಿತು.

ಬಿಟ್ಟುಬಂದ ನಾಡಿನಲ್ಲಿ ಕತ್ತಲೆ ಮತ್ತಷ್ಟು ದಟ್ಟವಾಯಿತು. 1850ರಲ್ಲಿ ಪ್ರಷ್ಯದ ಸರ್ಕಾರ ಹೆಂಗಸರು ರಾಜಕೀಯ ಸಂಘಗಳಿಗೆ ಸೇರುವುದನ್ನೇ ನಿಷೇಧಿಸಿತು. ಆ ಕಾನೂನು 1908ರವರೆಗೆ ಉಳಿಯಿತು. ನೆರೆಯ ಸ್ಯಾಕ್ಸನಿ ರಾಜ್ಯದಲ್ಲಿ ಲೂಯಿಸ್ ಒಟ್ಟೊ ಎಂಬಾಕೆ 1849ರಿಂದ ಮಹಿಳೆಯರ ಪತ್ರಿಕೆಯೊಂದನ್ನು ನಡೆಸುತ್ತಿದ್ದಳು. ಪತ್ರಿಕೆಗೆ ಹೆಂಗಸು ಸಂಪಾದಕಿಯಾಗಕೂಡದೆಂದು 1850ರಲ್ಲಿ ಅಲ್ಲಿಯೂ ಕಾನೂನು ಬಂದಿತು. ಹೀಗಿರುವಾಗ ಮತಿಲ್ಡೆ ತಾಯ್ನಾಡಿನಲ್ಲಿಯೇ ಉಳಿದಿದ್ದರೆ ಮೌನವಾಗಿರಬೇಕಿತ್ತು, ಇಲ್ಲವೆ ಸೆರೆಮನೆಯಲ್ಲಿರಬೇಕಿತ್ತು.

ಅಮೆರಿಕದಲ್ಲಿ ಅವರು ಮಿಷಿಗನ್ ಸರೋವರದ ದಡದ ಮಿಲ್ವಾಕಿ ನಗರವನ್ನು ಸೇರಿದರು. ಅಲ್ಲಿ ಜರ್ಮನರು ಬಹುಸಂಖ್ಯೆಯಲ್ಲಿದ್ದರು. ಮತಿಲ್ಡೆ ಸಾಹಿತ್ಯ ಮತ್ತು ರಾಜಕೀಯ ವಿಷಯಗಳನ್ನು ಕುರಿತು ಉಪನ್ಯಾಸಗಳನ್ನು ಕೊಡತೊಡಗಿದಳು. 1852ರ ಮಾರ್ಚ್ ತಿಂಗಳಲ್ಲಿ 'ಜರ್ಮನ್ ಮಹಿಳಾ ಪತ್ರಿಕೆ'ಯನ್ನು ಪ್ರಾರಂಭಿಸಿದಳು. ಕೊಲೋನಿನಲ್ಲಿ ಮೂರನೆಯ ಸಂಚಿಕೆಗೇ ಉಸಿರು ನಿಂತ ಪತ್ರಿಕೆ ಹೀಗೆ ಪರನೆಲದಲ್ಲಿ ಮರುಹುಟ್ಟು ಪಡೆಯಿತು. ಸ್ತ್ರೀಯರಿಗೆ ವಿದ್ಯೆ, ದುಡಿಮೆಗೆ ಅವಕಾಶ, ಕಾನೂನಿನಲ್ಲಿ ಸಮಾನತೆ, ಮತದಾನದ ಹಕ್ಕು ಇವುಗಳಿಗಾಗಿ ಅದು ವಾದಿಸಿತು. ಬರಿಯ ಮಾತಿನಲ್ಲಿ ಹೇಳಿದರೆ ಸಾಲದೆಂದು ಮತಿಲ್ಡೆ ಅಚ್ಚಿನಮೊಳೆ ಜೋಡಿಸುವ ಕೆಲಸಕ್ಕೆ ಹೆಂಗಸರನ್ನೇ ನೇಮಿಸಿಕೊಂಡಳು.

ಇಲ್ಲಿ ಅನಿರೀಕ್ಷಿತವಾದ ವಿಘ್ನವೊಂದು ಎದುರಾಯಿತು. ಅಂದಿನವರೆಗೆ ಮೊಳೆ ಜೋಡಣೆ ಗಂಡಸರ ಕಸುಬು. ಹೆಂಗಸರು ಈ ಕೆಲಸಕ್ಕೆ ಬಂದರೆ ತಮ್ಮ ಅನ್ನಕ್ಕೆ ಕಲ್ಲು ಬೀಳುವುದೆಂದು ಊರಿನ ಜರ್ಮನ್ ಮುದ್ರಣ ಕಾರ್ಮಿಕರು ಹೆದರಿದರು. ಅವರು ಸಂಘಟಿತರಾಗಿ ಪ್ರತಿಭಟಿಸಿ ಆ ಹೆಂಗಸರನ್ನು ಅಚ್ಚುಕೂಟದಿಂದ ಹೊರಡಿಸಿದರು. ತಾಯ್ನಾಡಿನಲ್ಲಿ ಪತ್ರಿಕೆಯನ್ನು ತಡೆದವನು ಅರಸ, ಅದರಲ್ಲಿ ಆಶ್ಚರ್ಯವಿರಲಿಲ್ಲ. ಅರಸನೇ ಇಲ್ಲದ ದೇಶದಲ್ಲಿ ಅದನ್ನು ತಡೆದವರು ದುಡಿಯುವ ಜನರು, ಸ್ವಾತಂತ್ರ್ಯದ ಬೆಲೆಯನ್ನು ಬಲ್ಲವರು. ಕಾರ್ಮಿಕರ ಹಕ್ಕಿಗಾಗಿ ಗಂಡನೊಡನೆ ಕಷ್ಟಪಟ್ಟ ಮತಿಲ್ಡೆಗೆ ಈ ಪೆಟ್ಟು ಹೆಚ್ಚು ನೋವುಂಟುಮಾಡಿದ್ದರೆ ಅದು ಸಹಜ. ಸಿಂಹಾಸನ ಉರುಳಿದ ಮಾತ್ರಕ್ಕೆ ಮನೆಯೊಳಗಿನ ದಬ್ಬಾಳಿಕೆಯೂ ಕಾರ್ಖಾನೆಯೊಳಗಿನ ತಾರತಮ್ಯವೂ ತಾವಾಗಿ ಉರುಳುವುದಿಲ್ಲವೆಂಬ ಸತ್ಯ ಈ ಪ್ರಸಂಗದಿಂದ ಸ್ಪಷ್ಟವಾಯಿತು. ಆಕೆ ದೂಷಣೆಯಲ್ಲಿ ಕಾಲ ಕಳೆಯಲಿಲ್ಲ. ಊರೂರು ತಿರುಗಿ ಉಪನ್ಯಾಸ ಮಾಡಿ ಹಣ ಕೂಡಿಸಿದಳು. ಪೂರ್ವ ತೀರದ ನಗರಗಳಲ್ಲಿ ಚಂದಾದಾರರನ್ನು ಸಂಪಾದಿಸಿದಳು. ನ್ಯೂಯಾರ್ಕ್ ನಗರಕ್ಕೆ ಸಮೀಪದ ನ್ಯೂವಾರ್ಕ್‌ಗೆ ಸಂಸಾರವನ್ನೂ ಪತ್ರಿಕೆಯನ್ನೂ ಸಾಗಿಸಿ, ಎರಡು ವರ್ಷಗಳಿಗೂ ಮಿಕ್ಕಿ ಅದನ್ನು ನಡೆಸಿದಳು.

1853ರ ಸೆಪ್ಟೆಂಬರ್ ತಿಂಗಳಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಸಭಾಮಂದಿರದಲ್ಲಿ ಸ್ತ್ರೀಯರ ಹಕ್ಕುಗಳ ಸಮ್ಮೇಳನ ನಡೆಯಿತು. ಸಭೆಯನ್ನು ಕೆಡಿಸಲೆಂದೇ ಬಂದಿದ್ದ ಪುಂಡರ ಗುಂಪು ಕೂಗಾಟ, ಶಿಳ್ಳೆ, ಅಪಹಾಸ್ಯಗಳಿಂದ ಭಾಷಣಕಾರರನ್ನು ಪೀಡಿಸುತ್ತಿತ್ತು. ಮತಿಲ್ಡೆ ವೇದಿಕೆಗೆ ಬಂದು ಜರ್ಮನ್ ಭಾಷೆಯಲ್ಲಿ ಮಾತನಾಡಿದಳು. ಪೋಲೆಂಡಿನಿಂದ ಬಂದು ನೆಲಸಿದ್ದ ಅರ್ನೆಸ್ಟೀನ್ ರೋಸ್ ಎಂಬ ಹೋರಾಟಗಾರ್ತಿ ಅದನ್ನು ಇಂಗ್ಲಿಷಿಗೆ ಅನುವಾದಿಸುತ್ತಿದ್ದಳು. ಗದ್ದಲ ಹೆಚ್ಚಿದಾಗ ಗುಲಾಮಗಿರಿಯ ವಿರೋಧಿಯೆಂದು ಹೆಸರಾದ ವೆಂಡೆಲ್ ಫಿಲಿಪ್ಸ್ ಎದ್ದುನಿಂತು, ಸ್ವಾತಂತ್ರ್ಯಕ್ಕಾಗಿ ಕಷ್ಟಪಟ್ಟು ಬಂದ ಈ ಮಹಿಳೆಯ ಮಾತನ್ನು ಕೇಳುವಂತೆ ಸಭೆಯನ್ನು ಬೇಡಿಕೊಂಡ. ಮತಿಲ್ಡೆ ಹೇಳಬಂದದ್ದು ಸರಳವಾದ ಮಾತು. ಬಾಯಿ ತೆರೆಯಲು ಬಿಡದ ಅರಸರ ನಾಡಿನಿಂದ ತಾನು ಬಂದುದಾಗಿಯೂ, ಇಲ್ಲಿಯಾದರೂ ತನ್ನ ಅಭಿಪ್ರಾಯವನ್ನು ಆಡುವ ಸ್ವಾತಂತ್ರ್ಯ ಇರುವುದೆಂದು ನಂಬಿದ್ದುದಾಗಿಯೂ ಆಕೆ ತಿಳಿಸಿದಳು. ಅರ್ಥವಾಗದ ಭಾಷೆಯಲ್ಲಿ ಆಡಿದ ಮಾತಾದರೂ ಅದನ್ನು ಆಡಿದವಳ ಧೈರ್ಯ ಎಲ್ಲರಿಗೂ ಅರ್ಥವಾಗಿರಬೇಕು. ಅದೇ ವರ್ಷ, ತಾನು ಕಂಡ ಯುದ್ಧವನ್ನು ಕುರಿತ ನೆನಪುಗಳನ್ನೂ ಆಕೆ ಪುಸ್ತಕವಾಗಿ ಪ್ರಕಟಿಸಿದಳು.

ಸಾರ್ವಜನಿಕ ಜೀವನದಲ್ಲಿ ಕೀರ್ತಿ ಬಂದರೂ ಮನೆಯೊಳಗೆ ದುಃಖ ಕಾದಿತ್ತು. 1858ರಲ್ಲಿ ಸಿಡುಬಿನ ಬೇನೆ ಅನ್ನೆಕೆಯವರ ಮನೆಯನ್ನು ಹೊಕ್ಕು ಮಕ್ಕಳನ್ನು ಒಬ್ಬರ ಹಿಂದೊಬ್ಬರಂತೆ ಕೊಂಡೊಯ್ದಿತು. ತಂದೆ ಸೆರೆಮನೆಯಲ್ಲಿದ್ದಾಗ ಕೊಲೋನಿನಲ್ಲಿ ಹುಟ್ಟಿದ ಹುಡುಗನೂ ಅವರಲ್ಲಿ ಒಬ್ಬ. ಶೋಕತಪ್ತರಾದ ದಂಪತಿಗಳು ಮಿಲ್ವಾಕಿಗೆ ಹಿಂದಿರುಗಿದರು. ಫ್ರಿಟ್ಸ್ ಯುದ್ಧವಾರ್ತೆಗಳನ್ನು ಬರೆಯಲೆಂದು 1859ರಲ್ಲಿ ಯೂರೋಪಿಗೆ ಹೋದ. ಮುಂದಿನ ವರ್ಷ ಮತಿಲ್ಡೆಯೂ ಉಳಿದ ಚಿಕ್ಕ ಮಕ್ಕಳೊಡನೆ, ಮೇರಿ ಬೂತ್ ಎಂಬ ಆಪ್ತ ಗೆಳತಿಯ ಸಂಗಡ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರವನ್ನು ಸೇರಿದಳು. ಈ ಮೇರಿಯ ಪತಿ ಷರ್ಮನ್ ಬೂತ್. 1854ರಲ್ಲಿ ಜಾಷುವಾ ಗ್ಲೋವರ್ ಎಂಬ ಓಡಿಬಂದ ಗುಲಾಮನನ್ನು ಮಿಲ್ವಾಕಿಯ ಸೆರೆಯಿಂದ ಜನರು ಬಿಡಿಸಿಕೊಂಡರು. ಆ ಪ್ರಸಂಗದಲ್ಲಿ ಮುಂದಾಳಾಗಿದ್ದ ಪತ್ರಿಕಾ ಸಂಪಾದಕ ಈತನೇ.

ಜ್ಯೂರಿಕ್‌ನಲ್ಲಿ ಬಡತನ ಬೆನ್ನಟ್ಟಿ ಬಂದಿತು. ಅಮೆರಿಕದಲ್ಲಿ ಒಳಯುದ್ಧ ಪ್ರಾರಂಭವಾದ ಕೂಡಲೇ ಫ್ರಿಟ್ಸ್ ಅಲ್ಲಿಗೆ ಮರಳಿದ. ದಂಪತಿಗಳು ಮತ್ತೆ ಒಂದೇ ಮನೆಯಲ್ಲಿ ಬಾಳಲಿಲ್ಲ. ಮತಿಲ್ಡೆ ಪತ್ರಿಕೆಗಳಿಗೆ ಲೇಖನಗಳನ್ನು ಬರೆದು ಸಂಸಾರ ಸಾಗಿಸಿದಳು. ಗುಲಾಮಗಿರಿಯ ಕ್ರೌರ್ಯವನ್ನು ಯೂರೋಪಿನ ಓದುಗರಿಗೆ ಮನಗಾಣಿಸುವ ಕಥೆಗಳನ್ನು ರಚಿಸಿದಳು. ಗುಲಾಮರ ಹರಾಜನ್ನು ಚಿತ್ರಿಸುವ ಆಕೆಯ ಕಥೆ 1862ರಲ್ಲಿ ಪ್ರಕಟವಾಯಿತು. ಸಂತೆಯಲ್ಲಿ ದನಗಳಂತೆ ಮಾರಾಟವಾಗುವ ಕರಿಯ ಹೆಂಗಸರ ಸಂಕಟ ಆ ಕಥೆಗಳಲ್ಲಿ ಮುಖ್ಯವಾಗಿ ಕಾಣುತ್ತದೆ. ತನ್ನ ಜಾತಿ, ತನ್ನ ಬಣ್ಣ, ತನ್ನ ಭಾಷೆಯ ಹೆಂಗಸರಿಗೆ ಮಾತ್ರ ಆಕೆಯ ಅನುಕಂಪ ಮೀಸಲಾಗಿರಲಿಲ್ಲ.

1865ರಲ್ಲಿ ಮತಿಲ್ಡೆ ಅಮೆರಿಕಕ್ಕೆ ಮರಳಿದಳು. ಸೆಸಿಲಿ ಕಾಪ್ ಎಂಬ ಶಿಕ್ಷಕಿಯ ಜೊತೆಗೂಡಿ ಮಿಲ್ವಾಕಿಯಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆದಳು. ಪತ್ರಿಕೆ ಓದಲು ಹೆಂಗಸರಿಗೆ ಮೊದಲು ವಿದ್ಯೆ ಬೇಕು. ಓದಿದ್ದನ್ನು ವಿಚಾರ ಮಾಡಲು ಸ್ವತಂತ್ರ ಬುದ್ಧಿ ಬೇಕು. ಅಚ್ಚುಕೂಟದಲ್ಲಿ ಅರ್ಧಕ್ಕೆ ನಿಂತ ಕೆಲಸವನ್ನು ತರಗತಿಯ ಕೋಣೆಯಲ್ಲಿ ಮುಂದುವರಿಸಬಹುದೆಂದು ಆಕೆ ಕಂಡುಕೊಂಡಳು. ಹೆಣ್ಣುಮಕ್ಕಳಿಗೆ ನಯನಾಜೂಕು ಕಲಿಸಿದರೆ ಸಾಕೆಂದು ಬಹು ಮಂದಿ ತಿಳಿದಿದ್ದ ಕಾಲವದು. ಈ ಶಾಲೆಯಲ್ಲಿ ಸಾಹಿತ್ಯ, ಚರಿತ್ರೆ, ವಿಜ್ಞಾನಗಳ ಪಾಠ ನಡೆಯುತ್ತಿತ್ತು. ಹಣದ ಮುಗ್ಗಟ್ಟು ಎಂದೂ ತಪ್ಪಲಿಲ್ಲ. ಆದರೂ ಆಕೆ ತನ್ನ ಬಾಳಿನ ಕೊನೆಯ ವರ್ಷಗಳವರೆಗೆ ಶಾಲೆಯನ್ನು ನಡೆಸಿದಳು. ದೂರದಲ್ಲಿಯೇ ಉಳಿದ ಪತಿ ಫ್ರಿಟ್ಸ್ 1872ರಲ್ಲಿ ಷಿಕಾಗೊ ನಗರದಲ್ಲಿ ಅಪಘಾತಕ್ಕೀಡಾಗಿ ಮಡಿದ.

ಶಾಲೆಯ ಕೆಲಸದ ನಡುವೆಯೂ ಮತದಾನದ ಹಕ್ಕಿನ ಹೋರಾಟವನ್ನು ಆಕೆ ಬಿಡಲಿಲ್ಲ. 1869ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಹಿಳಾ ಮತದಾನ ಸಂಘ ಸ್ಥಾಪನೆಯಾದಾಗ ಅದರ ಸ್ಥಾಪಕರಲ್ಲಿ ಆಕೆಯೂ ಒಬ್ಬಳಾಗಿದ್ದಳು. ಸೂಸನ್ ಆಂಥೊನಿ, ಎಲಿಜಬೆತ್ ಸ್ಟಾಂಟನ್ ಮೊದಲಾದ ಅಮೆರಿಕದ ನಾಯಕಿಯರು ಆಕೆಯನ್ನು ಗೌರವದಿಂದ ಕಂಡರು. ಆದರೆ ಆಕೆಯ ಸ್ವಂತ ಜನರಲ್ಲಿಯೇ ವಿರೋಧ ಬಲವಾಗಿತ್ತು. ಮತದಾನದ ಹಕ್ಕನ್ನು ಕೇಳುವ ಅಮೆರಿಕದ ಮಹಿಳೆಯರಲ್ಲಿ ಅನೇಕರು ಪಾನನಿರೋಧದ ಪರವಾಗಿದ್ದರು. ಹೆಂಗಸರಿಗೆ ಮತ ದೊರೆತರೆ ತಮ್ಮ ಬಿಯರಿಗೂ ಭಾನುವಾರದ ವಿನೋದಕ್ಕೂ ಕುತ್ತು ಬರುವುದೆಂದು ಜರ್ಮನರು ಅಂಜಿದರು. ಒಂದು ಕಡೆ ಜರ್ಮನ್ ನೆರೆಹೊರೆಯವರ ಸಂಶಯ, ಇನ್ನೊಂದು ಕಡೆ ವಲಸೆಗಾರರನ್ನು ಕೀಳಾಗಿ ಕಾಣುವ ಕೆಲವು ಅಮೆರಿಕನ್ನರ ಗರ್ವ. ಇವೆರಡರ ನಡುವೆ ನಿಂತು ಆಕೆ ಎರಡು ಭಾಷೆಗಳ ಜನರಿಗೂ ಸೇತುವೆಯಾಗಲು ಶ್ರಮಿಸಿದಳು. 1876ರಲ್ಲಿ ಗಾಯವೊಂದು ವಿಷವೇರಿ ಆಕೆಯ ಬಲಗೈ ಸ್ವಾಧೀನ ತಪ್ಪಿತು. ಲೇಖನಿಯಿಂದಲೇ ಬದುಕಿದವಳಿಗೆ ಇದು ಗಾಯದ ಮೇಲೆ ಬರೆ ಎಳೆದಂತಾಯಿತು. ಆದರೂ ಶಾಲೆಯ ಬಾಗಿಲು ಮುಚ್ಚಲಿಲ್ಲ, ಹೋರಾಟವೂ ನಿಲ್ಲಲಿಲ್ಲ.

1884ರ ನವೆಂಬರ್ 25ರಂದು, ಅರವತ್ತೇಳನೆಯ ವಯಸ್ಸಿನಲ್ಲಿ, ಮತಿಲ್ಡೆ ಮಿಲ್ವಾಕಿಯಲ್ಲಿ ಕೊನೆಯುಸಿರೆಳೆದಳು. ತನ್ನ ಜೀವಮಾನದಲ್ಲಿ ಒಂದು ಸಲವಾದರೂ ಮತ ಹಾಕುವ ಭಾಗ್ಯ ಆಕೆಗೆ ದೊರೆಯಲಿಲ್ಲ. ಆಕೆ ತೊರೆದು ಬಂದ ಜರ್ಮನಿಯಲ್ಲಿ ಅರಸೊತ್ತಿಗೆ ಅಳಿದ ವರ್ಷವೇ, ಎಂದರೆ 1918ರಲ್ಲಿ, ಸ್ತ್ರೀಯರಿಗೆ ಮತದಾನದ ಹಕ್ಕು ಬಂದಿತು. ಆಕೆ ಆಶ್ರಯ ಪಡೆದ ಅಮೆರಿಕದಲ್ಲಿ 1920ರಲ್ಲಿ ಆ ಹಕ್ಕು ರಾಜ್ಯಾಂಗದಲ್ಲಿ ಸೇರಿತು. ಆ ತಿದ್ದುಪಡಿಯನ್ನು 1919ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ರಾಜ್ಯಗಳಲ್ಲಿ ವಿಸ್ಕಾನ್ಸಿನ್ ಸಹ ಒಂದೆಂಬುದು ಗಮನಾರ್ಹ. ಯಾವ ನಗರದಲ್ಲಿ ಆಕೆಯ ಪತ್ರಿಕೆಯ ಬಾಯಿ ಮುಚ್ಚಿಸಲಾಯಿತೋ ಅದೇ ಕೊಲೋನಿನ ಪುರಭವನದ ಗೋಪುರದ ಮೇಲೆ ನಗರದ ಹಿರಿಯರ ಪ್ರತಿಮೆಗಳ ಸಾಲಿನಲ್ಲಿ ಈಗ ಆಕೆಯ ಪ್ರತಿಮೆಯೂ ನಿಂತಿದೆ. 1988ರಲ್ಲಿ ಆಕೆಯ ಚಿತ್ರವುಳ್ಳ ಅಂಚೆಚೀಟಿ ಜರ್ಮನಿಯಲ್ಲಿ ಹೊರಬಂದಿತು.

ಮತಿಲ್ಡೆ ನಡೆಸಿದ ಪತ್ರಿಕೆಗಳಲ್ಲಿ ಯಾವುದೂ ಬಹುಕಾಲ ಬಾಳಲಿಲ್ಲ. ಸಂಚಿಕೆಗಳನ್ನು ಎಣಿಸಿ ನೋಡುವವರಿಗೆ ಆಕೆಯ ಬದುಕು ಸೋಲುಗಳ ಸಾಲಾಗಿ ಕಾಣಬಹುದು. ಆದರೆ ಒಂದು ಪತ್ರಿಕೆ ನಿಂತಾಗ ಆಕೆ ಇನ್ನೊಂದನ್ನು ಹೂಡಿದಳು. ಪತ್ರಿಕೆಯೇ ಇಲ್ಲವಾದಾಗ ವೇದಿಕೆಯನ್ನೇರಿದಳು. ವೇದಿಕೆಯ ಮಾತು ಸಾಲದೆನಿಸಿದಾಗ ಶಾಲೆಯನ್ನು ಕಟ್ಟಿದಳು. ಕುಡುಕ ಗಂಡನ ಮನೆಯಿಂದ ಮಗುವನ್ನೆತ್ತಿಕೊಂಡು ಹೊರಬಂದ ದಿನ ಆಕೆ ಎತ್ತಿದ ಪ್ರಶ್ನೆಯನ್ನು ಸೇನಾಡಳಿತವೂ ದೇಶಾಂತರವೂ ಸಾವುನೋವುಗಳೂ ಅಡಗಿಸಲಾರದೆ ಹೋದವು. ಆಳುವವರು ಮೊಳೆಗಳನ್ನು ಚೆಲ್ಲಾಪಿಲ್ಲಿ ಮಾಡಬಹುದು. ಅವುಗಳನ್ನು ಆರಿಸಿ ಮತ್ತೆ ಜೋಡಿಸುವ ಕೈಗಳು ಇರುವವರೆಗೆ ಸತ್ಯವು ಅಚ್ಚಾಗುತ್ತಲೇ ಇರುತ್ತದೆ.